ಮೊದಲ ಸೂಜಿ ಯಾರ ಮೈಗೆ?

ನಮ್ಮ ಮೊರಬದ ಕಡೆ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ 'ಇವನ್ನ ಧಾರವಾಡಕ್ಕ ಕಳಸಬೇಕ್ ನೋಡ್ರಿ' ಅಂತಾರೆ. ಯಾವ ಧಾರವಾಡ ಎಂದು ಯಾರೂ ಕೇಳುವುದಿಲ್ಲ. ಅಲ್ಲಿ ವಿಶ್ವವಿದ್ಯಾಲಯ ಇದೆ, ಆಕಾಶವಾಣಿ ಇದೆ, ಪೇಡೆ ಇದೆ, ಗವಾಯಿಗಳಿದ್ದಾರೆ, ಕವಿಗಳಂತೂ ಓಣಿಗೆ ನಾಲ್ವರು. ಅದೆಲ್ಲ ಓದಿದವರ ಧಾರವಾಡ. ನವಲಗುಂದ ತಾಲೂಕಿನ ಎರಿ ಹೊಲದಲ್ಲಿ ಕಸ ತೆಗೆಯುವ ಹೆಣ್ಣುಮಗಳಿಗೆ ಧಾರವಾಡವೆಂದರೆ ಬೆಳಗಾವಿ ರಸ್ತೆಯ ಮೇಲಿನ ಹುಚ್ಚರ ದವಾಖಾನಿ. ಇವತ್ತು ಅದರ ಹೆಸರು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ, ಚಿಕ್ಕದಾಗಿ ಡಿಮ್ಹಾನ್ಸ್. ಹೆಸರು ಬದಲಾಯಿತು. ನಮ್ಮ ಜನರ ಎದೆಯೊಳಗಿನ ಅಂಜಿಕೆ ಬದಲಾಗಿಲ್ಲ.

ಈಗ ಕಾಲೇಜಿಗೆ ಹೋಗುವ ನಮ್ಮ ತಮ್ಮಂದಿರು, ಕೆಲವು ಶಾಲಾ ಮಾಸ್ತರರು ಒಂದು ಹೊಸ ಪ್ರಶ್ನೆ ಹಿಡಿದುಕೊಂಡು ಬರುತ್ತಿದ್ದಾರೆ. ಕೆಟಮಿನ್ ಎಂಬ ಔಷಧಿ ಇದೆಯಂತೆ, ವಾರಗಟ್ಟಲೆ ಗುಳಿಗಿ ನುಂಗಿದರೂ ಹೋಗದ ಖಿನ್ನತೆ ಅದರ ಒಂದು ಸೂಜಿಗೆ ಒಂದೇ ದಿನದಲ್ಲಿ ಇಳಿಯುತ್ತದಂತೆ, ದೊಡ್ಡ ಶಹರಗಳ ಕೆಲವು ಆಸ್ಪತ್ರೆಗಳಲ್ಲಿ ಕೊಡುತ್ತಾರಂತೆ. 'ನಮ್ಮ ಮಂದಿಗೆ ಇದು ಚಲೋನೋ ಕೆಟ್ಟೋ ಹೇಳ್ರಿ' ಅಂತಾರೆ. ಒಂದೇ ಮಾತಿನಲ್ಲಿ ಹೌದು ಅಥವಾ ಅಲ್ಲ ಎನ್ನಲು ನಮಗೆ ಬರುವುದಿಲ್ಲ. ನಾವು ವೈದ್ಯರಲ್ಲ. ಆದರೆ ಹುಚ್ಚೆಂದು ಹೆಸರಿಟ್ಟು ಬಡವರ ಮೈಮೇಲೆ ಏನೇನು ಮಾಡಿದರು ಎಂಬುದಕ್ಕೆ ಒಂದು ಚರಿತ್ರೆ ಇದೆ. ಆ ಚರಿತ್ರೆಯನ್ನು ಬದಿಗಿಟ್ಟು ಔಷಧಿಯ ಗುಣಾವಗುಣ ಮಾತಾಡುವುದು ಸೀಸೆಯ ಮೇಲಿನ ಚೀಟಿ ಓದಿದಷ್ಟೇ ಆಗುತ್ತದೆ.

ಧಾರವಾಡದ ಹುಚ್ಚಾಸ್ಪತ್ರೆ ಶುರುವಾದದ್ದು 1845ರಲ್ಲಿ. ಆಗ ನಾವು ಮುಂಬಯಿ ಪ್ರಾಂತದವರು. ಅದೇ ದಶಕದಲ್ಲಿ ಕುಂಪಣಿ ಸರಕಾರ ಅಮೆರಿಕದಿಂದ ಹತ್ತಿ ಬೆಳೆಯುವ ತಜ್ಞರನ್ನು ಕರೆಸಿ ಧಾರವಾಡ ಸೀಮೆಯ ಎರಿ ಭೂಮಿಯಲ್ಲಿ ಅಮೆರಿಕನ್ ಹತ್ತಿಯ ಪ್ರಯೋಗ ನಡೆಸಿತು. ಮ್ಯಾಂಚೆಸ್ಟರಿನ ಗಿರಣಿಗೆ ಉದ್ದನೆಯ ಎಳೆ ಬೇಕಾಗಿತ್ತು. ಹತ್ತಿ ಬಂದ ಕಾಲಕ್ಕೇ ಹುಚ್ಚಾಸ್ಪತ್ರೆಯೂ ಬಂತು ಎಂದಾಕ್ಷಣ ಒಂದಕ್ಕೊಂದು ಕಾರಣ ಎಂದು ನಾವು ಹೇಳುತ್ತಿಲ್ಲ. ಎರಡನ್ನೂ ತಂದವರು ಒಬ್ಬರೇ, ಎರಡರ ಲೆಕ್ಕವನ್ನೂ ಬರೆದವರು ಒಬ್ಬರೇ, ಇಷ್ಟು ನೆನಪಿರಲಿ.

1858ರಲ್ಲಿ ಹುಚ್ಚರ ಕಾಯ್ದೆ ಬಂತು. ಅದೇ ವರ್ಷ ಪಕ್ಕದ ನರಗುಂದದಲ್ಲಿ ಬಾಬಾಸಾಹೇಬರು ಬಂಡೆದ್ದರು, ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಿದರು. ಬಂಡಾಯ ಅಡಗಿಸಿ ರಾಣಿಯ ಸರಕಾರ ಕುಳಿತುಕೊಂಡ ಹೊತ್ತಿನ ಕಾಯ್ದೆ ಅದು. ಬೀದಿಯಲ್ಲಿ ಅಲೆಯುವ ಹುಚ್ಚನನ್ನು ಪೋಲೀಸರು ಹಿಡಿದು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಬೇಕು, ಅವನು ಹುಕುಂ ಬರೆದರೆ ಒಳಗೆ ಹಾಕಬೇಕು. 1912ರ ಹುಚ್ಚರ ಕಾಯ್ದೆಯೂ ಇದೇ ದಾರಿ ಹಿಡಿಯಿತು. ಅದು ಎಷ್ಟು ಗಟ್ಟಿ ಎಂದರೆ, ಬಿಳಿಯರು ಹೋಗಿ, 1956ರಲ್ಲಿ ನಾವು ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ, 1973ರಲ್ಲಿ ಕರ್ನಾಟಕವಾಗಿ, ಅಷ್ಟಾದರೂ ಆ 1912ರ ಕಾಯ್ದೆಯೇ ನಡೆಯುತ್ತಿತ್ತು. ಅದನ್ನು ತೆಗೆದ 1987ರ ಮಾನಸಿಕ ಆರೋಗ್ಯ ಕಾಯ್ದೆ ಜಾರಿಗೆ ಬಂದದ್ದು 1993ರಲ್ಲಿ. ಅಂದರೆ ಸ್ವಾತಂತ್ರ್ಯ ಬಂದ ಮೇಲೂ 46 ವರ್ಷ ನಮ್ಮ ಮನೆಯ ಕಾಯಿಲೆಯ ಮನುಷ್ಯ ಸರಕಾರಿ ಕಾಗದದಲ್ಲಿ 'ಲೂನಾಟಿಕ್' ಆಗಿಯೇ ಇದ್ದ.

ಅಲೆಯುವವರು ಯಾರು? ಹೊಲ ಇದ್ದವನು ಅಲೆಯುವುದಿಲ್ಲ. ಅವನಿಗೆ ಮನೆಯ ಹಿಂದೆ ಒಂದು ಕೋಣೆ ಇರುತ್ತದೆ, ಆಳು ಇರುತ್ತಾನೆ. ಧಾತು ಈಶ್ವರದ ಬರದಲ್ಲಿ, 1876ರಿಂದ 1878ರವರೆಗೆ, ಈ ಸೀಮೆಯ ಕೇರಿಗಳು ಖಾಲಿಯಾಗಿ ಜನ ದಾರಿಗೆ ಬಿದ್ದರು. ಹಸಿವೆಯಿಂದ ತಲೆ ತಿರುಗಿದವನು ಯಾರು, ಕಾಯಿಲೆಯಿಂದ ತಲೆ ಕೆಟ್ಟವನು ಯಾರು ಎಂದು ಬೇರೆ ಮಾಡುವ ತಕ್ಕಡಿ ಪೋಲೀಸನ ಕೈಯಲ್ಲಿ ಇರಲಿಲ್ಲ. ಆಸ್ಪತ್ರೆಯ ದಫ್ತರದಲ್ಲಿ ಮಾತ್ರ ಪ್ರತಿಯೊಬ್ಬನ ಎದುರು 'ಕಾರಣ' ಎಂಬ ಕಲಮು ತುಂಬಲೇಬೇಕಿತ್ತು. ಏನೂ ಗೊತ್ತಿಲ್ಲದಿದ್ದರೆ ಗಾಂಜಾ ಎಂದು ಬರೆದರು. ಇದು ನಮ್ಮ ಆರೋಪವಲ್ಲ. 1893-94ರಲ್ಲಿ ಸರಕಾರವೇ ನೇಮಿಸಿದ ಗಾಂಜಾ-ಭಂಗಿ ಆಯೋಗ ದೇಶದ ಹುಚ್ಚಾಸ್ಪತ್ರೆಗಳ ದಫ್ತರು ತೆಗೆಸಿ ಒಂದೊಂದು ಪ್ರಕರಣವನ್ನೂ ಮತ್ತೆ ವಿಚಾರಿಸಿತು. ಗಾಂಜಾ ಎಂದು ಬರೆದ ಎಷ್ಟೋ ಕಡೆ ಅದಕ್ಕೆ ಆಧಾರವೇ ಇರಲಿಲ್ಲ, ತಂದು ಬಿಟ್ಟ ಪೋಲೀಸರ ಮಾತನ್ನೇ ಇಳಿಸಿಕೊಂಡಿದ್ದರು. ಬಡವನ ಸಂಕಟಕ್ಕೆ ಬಡವನ ಚಟವೇ ಕಾರಣ ಎಂದು ಬರೆಯುವ ಲೇಖಣಿ ಅಷ್ಟು ಹಳೆಯದು.

ದವಾಖಾನಿಯ ಹೊರಗೆ ನಮ್ಮ ಕೇರಿಗೆ ಏನಿತ್ತು? ಗುಡಿ ಇತ್ತು, ದರ್ಗಾ ಇತ್ತು, ಚೀಟಿ-ತಾಯತ ಇತ್ತು. ಇವತ್ತೂ ಇದೆ. ಯಮನೂರಿನ ಜಾತ್ರೆಗೆ ಹಿಂದೂ-ಮುಸಲ್ಮಾನರೆನ್ನದೆ ಜನ ಬೆಣ್ಣೆಹಳ್ಳದಲ್ಲಿ ಮುಳುಗಿ ಎದ್ದರೆ ಚರ್ಮದ ಬ್ಯಾನಿ ಹೋಗುತ್ತದೆಂದು ಬರುತ್ತಾರೆ. ಅದನ್ನು ನಕ್ಕು ತಳ್ಳಿಹಾಕುವುದು ನಮಗೆ ಬೇಡ. ಬೇರೆ ಯಾವ ಬಾಗಿಲೂ ತೆರೆಯದ ಜನ ತೆರೆದಿದ್ದ ಬಾಗಿಲಿಗೆ ಹೋದರು. ಆದರೆ ನಂಬಿಕೆಯ ಹೆಸರಿನಲ್ಲಿ ನಡೆದದ್ದನ್ನೂ ಹೇಳಬೇಕಲ್ಲ. ಸವದತ್ತಿ ನಮಗೆ ದೂರವಿಲ್ಲ. ಕೇರಿಯ ಹುಡುಗಿಯ ತಲೆಯಲ್ಲಿ ಕೂದಲು ಜಡೆಗಟ್ಟಿದರೆ ಎಲ್ಲಮ್ಮ ಕರೆದಾಳೆಂದು ಮುತ್ತು ಕಟ್ಟಿದರು. ಎಣ್ಣಿ-ನೀರು ಕಾಣದ ತಲೆ ಎಂದು ಯಾರೂ ಹೇಳಲಿಲ್ಲ. ಗೌಡರ ಮನೆಯ ಹುಡುಗಿಯ ತಲೆ ಜಡೆಗಟ್ಟಿದರೆ ಮಾತ್ರ ಬಾಚಣಿಕಿ ಸಿಗುತ್ತಿತ್ತು. 1982ರಲ್ಲಿ ಕರ್ನಾಟಕ ಸರಕಾರ ದೇವದಾಸಿ ಬಿಡುವುದನ್ನು ಕಾಯ್ದೆಯಿಂದ ನಿಷೇಧಿಸಿತು. ಇನ್ನು ತಮಿಳುನಾಡಿನ ಎರವಾಡಿಯ ಸುದ್ದಿ. 2001ರ ಆಗಸ್ಟ್ 6ರ ಬೆಳಗಿನ ಜಾವ ದರ್ಗಾದ ಹತ್ತಿರದ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿತ್ತು, ಸರಪಳಿ ಹಾಕಿ ಕಟ್ಟಿದ್ದ ಮನೋರೋಗಿಗಳು ಓಡಲಾರದೆ 28 ಜನ ಸತ್ತರು. ಮಠವಿರಲಿ, ದರ್ಗಾ ಇರಲಿ, ಸರಕಾರಿ ಗೋಡೆಯಿರಲಿ, ಸರಪಳಿಯ ಕಬ್ಬಿಣ ಒಂದೇ ಅಂಗಡಿಯದು.

ಈಗ ಚಿಕಿತ್ಸೆಗೆ ಬರೋಣ. ನಮ್ಮ ಕಡೆ 'ಕರೆಂಟ್ ಕೊಡೂದು' ಅಂತಾರಲ್ಲ, ಆ ವಿದ್ಯುತ್ ಚಿಕಿತ್ಸೆ ಹುಟ್ಟಿದ್ದು 1938ರಲ್ಲಿ, ಇಟಲಿಯ ರೋಮ್ ಶಹರದಲ್ಲಿ, ಚೆರ್ಲೆತ್ತಿ ಮತ್ತು ಬಿನಿ ಎಂಬ ವೈದ್ಯರ ಕೈಯಲ್ಲಿ. ಆಗ ಮುಸೊಲಿನಿಯ ಕಾಲ. ಮೊದಲ ರೋಗಿ ಯಾರು? ರೈಲ್ವೆ ಸ್ಟೇಷನ್ನಿನಲ್ಲಿ ಅಲೆಯುತ್ತಿದ್ದಾಗ ಪೋಲೀಸರು ಹಿಡಿದು ತಂದ ಒಬ್ಬ ದಿಕ್ಕಿಲ್ಲದ ಮನುಷ್ಯ. ಮೊದಲ ಹೊಡೆತ ಸಾಲದೆ ಇನ್ನೊಂದು ಕೊಡಲು ಹೊರಟಾಗ ಇನ್ನೊಂದು ಬೇಡವೆಂದು ಅವನು ಕೂಗಿದ್ದನ್ನು ಚೆರ್ಲೆತ್ತಿಯೇ ಬರೆದಿಟ್ಟಿದ್ದಾನೆ. ಆದರೂ ಕೊಟ್ಟರು. ಅವನು ಚೇತರಿಸಿಕೊಂಡನೆಂಬುದೂ ಅದೇ ದಾಖಲೆಯಲ್ಲಿದೆ. ಆ ಚಿಕಿತ್ಸೆ ಕೆಟ್ಟದ್ದೆಂದು ಸಾರಾಸಗಟಾಗಿ ಹೇಳಿದರೆ ಸುಳ್ಳಾಗುತ್ತದೆ. ಉಣ್ಣದೆ, ಮಾತಾಡದೆ, ಸಾವಿನ ಬಾಯಿಗೆ ಹೋದ ಖಿನ್ನತೆಗೆ ಇವತ್ತಿಗೂ ಅದರಷ್ಟು ಬಲವಾದ ಮದ್ದು ಕಡಿಮೆ. ತಕರಾರು ಬೇರೆ ಇದೆ. ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸಿ ಮಾಡಬೇಕೆಂಬ ಪದ್ಧತಿ 1950ರ ದಶಕದಲ್ಲೇ ಬಂದಿದ್ದರೂ ನಮ್ಮ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಬಡವರಿಗೆ ಎಚ್ಚರದಲ್ಲೇ ಕೊಡುತ್ತಾ ಬಂದರು. ಅರಿವಳಿಕೆ ತಜ್ಞರಿಲ್ಲ, ಖರ್ಚು ಬೀಳುತ್ತದೆ ಎಂಬುದು ನೆಪ. ಅದನ್ನು ಕಾಯ್ದೆಯಿಂದ ನಿಲ್ಲಿಸಲು 2017ರವರೆಗೆ ಕಾಯಬೇಕಾಯಿತು.

ಸರ್ಪಗಂಧದ ಕತೆಯೂ ಇಂಥದೇ. ಬಿಹಾರ, ಬಂಗಾಳದ ಹಳ್ಳಿಗರು ಅದರ ಬೇರನ್ನು ಹುಚ್ಚಿನ ಮದ್ದೆಂದೇ ಬಳಸುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದರ ಗುಣವನ್ನು ವೈದ್ಯ ಪತ್ರಿಕೆಯಲ್ಲಿ ಬರೆದರು. ಜಗತ್ತು ಕಿವಿಗೊಡಲಿಲ್ಲ. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿ ಆ ಬೇರಿನಿಂದ ರೆಸರ್ಪಿನ್ ತೆಗೆಯಿತು. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಅದನ್ನು ಹುಚ್ಚಾಸ್ಪತ್ರೆಯ ರೋಗಿಗಳಿಗೆ ಕೊಟ್ಟು ವರದಿ ಮಾಡಿದ. ಆಮೇಲೆ ಅದು ವಿಜ್ಞಾನವಾಯಿತು. ಅಲ್ಲಿಯವರೆಗೆ ಗಾವಟಿ ಔಷಧ. ಅದನ್ನು ನುಂಗಿದ ಕೆಲವರಿಗೆ ಹೊಸದಾಗಿ ಖಿನ್ನತೆ ಬಂದದ್ದೂ ಕಂಡಿತು. ಹುಚ್ಚಿಗೆ ಕೊಟ್ಟ ಮದ್ದಿನಿಂದ ಬ್ಯಾಸರಕಿ ಹುಟ್ಟಿತು, ಆ ಬ್ಯಾಸರಕಿಯಿಂದ ವಿಜ್ಞಾನಿಗಳು ಖಿನ್ನತೆಯ ಬಗ್ಗೆ ಹೊಸ ಪಾಠ ಕಲಿತರು. ಅದೇ ದಶಕದಲ್ಲಿ ಕ್ಲೋರ್‌ಪ್ರೋಮಜಿನ್, ಇಮಿಪ್ರಮಿನ್ ಬಂದವು. ಗುಳಿಗಿಗಳ ಕಾಲ ಶುರುವಾಯಿತು. ಸರಪಳಿಯ ಕೆಲಸ ಸ್ವಲ್ಪ ಕಡಿಮೆಯಾಯಿತು.

ಗುಳಿಗಿಯನ್ನು ಹಳ್ಳಿಗೆ ಒಯ್ಯಬಹುದು ಎಂದು ತೋರಿಸಿದ್ದು ನಮ್ಮ ಕರ್ನಾಟಕವೇ, ಇದನ್ನು ಹೆಮ್ಮೆಯಿಂದ ಹೇಳಬೇಕು. 1970ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಸಕಲವಾರದಲ್ಲಿ ಹಳ್ಳಿಗಾಡಿನ ಮಾನಸಿಕ ಆರೋಗ್ಯ ಕೇಂದ್ರ ತೆರೆದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ನಾಲ್ಕಾರು ಅಗ್ಗದ ಔಷಧಿಗಳಿಂದಲೇ ಬಹಳ ಜನರಿಗೆ ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯ ಎಂದು ಮಾಡಿ ತೋರಿಸಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ, 1996ರಲ್ಲಿ ಬಂದದ್ದಕ್ಕೆ, ಬಳ್ಳಾರಿಯೇ ಮಾದರಿ. 2014ರಲ್ಲಿ ರಾಜ್ಯ ಸರಕಾರ ಮನೋಚೈತನ್ಯ ಎಂದು ಹೆಸರಿಟ್ಟು ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡು ಮಾಡಿತು. ಇಷ್ಟಾದರೂ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆಯಿದ್ದ 100 ಜನರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆ ಸಮೀಕ್ಷೆ ನಡೆದದ್ದು 12 ರಾಜ್ಯಗಳಲ್ಲಿ, ಕರ್ನಾಟಕ ಅದರೊಳಗೆ ಇಲ್ಲ. ನಮ್ಮ ಹಳ್ಳಿಯ ಗತಿ ಬೇರೆಯಾಗಿದೆ ಎಂದು ನಂಬಲು ನಮಗೆ ಯಾವ ಕಾರಣವೂ ಕಾಣುವುದಿಲ್ಲ.

ಇಷ್ಟು ಹಿನ್ನೆಲೆ ಇಟ್ಟುಕೊಂಡು ಕೆಟಮಿನ್‌ಗೆ ಬರಬೇಕು. ಇದು ಹೊಸ ಔಷಧಿಯೇ ಅಲ್ಲ. 1962ರಲ್ಲಿ ಅಮೆರಿಕದ ಪಾರ್ಕ್ ಡೇವಿಸ್ ಕಂಪನಿಗಾಗಿ ಕಾಲ್ವಿನ್ ಸ್ಟೀವನ್ಸ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ತಯಾರಿಸಿದ. 1964ರಲ್ಲಿ ಮೊದಲ ಬಾರಿ ಮನುಷ್ಯರ ಮೈಗೆ ಚುಚ್ಚಿದರು. ಯಾರ ಮೈಗೆ? ಮಿಚಿಗನ್ ರಾಜ್ಯದ ಜಾಕ್ಸನ್ ಸೆರೆಮನೆಯ ಕೈದಿಗಳ ಮೈಗೆ. ಸ್ವಇಚ್ಛೆಯಿಂದ ಬಂದರು ಎಂದು ದಾಖಲೆ ಹೇಳುತ್ತದೆ. ಬೀಗ ಹಾಕಿದ ಕೋಣೆಯೊಳಗಿನ ಸ್ವಇಚ್ಛೆ ಎಂಥದೆಂದು ಜೀತದಲ್ಲಿದ್ದವರ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ರೋಮಿನ ಆ ಅಲೆಮಾರಿ, ಜಾಕ್ಸನ್ನಿನ ಈ ಕೈದಿ, ಇಬ್ಬರನ್ನೂ ನಾವು ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡುತ್ತೇವೆ. ಔಷಧಿಯನ್ನು ಪರೀಕ್ಷಿಸುವಾಗ ಆ ಸಾಲಿನವರು ಮುಂದೆ. ಔಷಧಿ ಫಲಕ್ಕೆ ಬಂದು ಬೆಲೆ ಕಟ್ಟುವಾಗ ಅವರು ಅಂಗಡಿಯ ಹೊರಗೆ.

ಕೆಟಮಿನ್‌ಗೆ ಒಂದು ವಿಚಿತ್ರ ಗುಣವಿದೆ. ಬೇರೆ ಮತ್ತಿನ ಔಷಧಿಗಳು ಉಸಿರನ್ನು ಕುಗ್ಗಿಸುತ್ತವೆ, ರಕ್ತದ ಒತ್ತಡ ಇಳಿಸುತ್ತವೆ. ಇದು ಹಾಗೆ ಅಷ್ಟಾಗಿ ಮಾಡುವುದಿಲ್ಲ, ಒತ್ತಡವನ್ನು ಏರಿಸುತ್ತದೆ. ಮನುಷ್ಯ ಕಣ್ಣು ಬಿಟ್ಟುಕೊಂಡೇ ಇರಬಹುದು, ಆದರೆ ನೋವು ಅವನಿಗೆ ಮುಟ್ಟುವುದಿಲ್ಲ, ಮೈಯೇ ತನ್ನದಲ್ಲ ಅನ್ನಿಸುತ್ತದೆ. ಅದಕ್ಕೇ 1970ರಲ್ಲಿ ಅಮೆರಿಕದಲ್ಲಿ ಪರವಾನಗಿ ಸಿಕ್ಕ ಮೇಲೆ ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಕೊಟ್ಟರು. ಅದಕ್ಕೇ ದೊಡ್ಡ ಯಂತ್ರಗಳಿಲ್ಲದ ಸಣ್ಣ ಆಸ್ಪತ್ರೆಗಳಲ್ಲಿ ಬಡ ದೇಶಗಳ ತುಂಬ ಆಪರೇಷನ್ನಿಗೆ ಇದೇ ಆಧಾರ. ವಿಶ್ವ ಆರೋಗ್ಯ ಸಂಸ್ಥೆ 1985ರಿಂದ ಇದನ್ನು ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿ ಇಟ್ಟಿದೆ. 2015ರಲ್ಲಿ ಚೀನ ಇದನ್ನು ಅಂತರರಾಷ್ಟ್ರೀಯ ಮಾದಕ ಪಟ್ಟಿಗೆ ಸೇರಿಸಬೇಕೆಂದಾಗ, ಹಾಗೆ ಮಾಡಿದರೆ ಬಡ ದೇಶಗಳಲ್ಲಿ ಹೆರಿಗೆಯ ಆಪರೇಷನ್ನುಗಳೇ ನಿಲ್ಲುತ್ತವೆಂಬ ಕೂಗೆದ್ದಿತು, ವಿಶ್ವ ಆರೋಗ್ಯ ಸಂಸ್ಥೆಯೂ ಬೇಡವೆಂದಿತು. ನಮ್ಮ ದೇಶದಲ್ಲಿ ಶಹರದ ಶ್ರೀಮಂತ ಹುಡುಗರು ನಶೆಗೆ ಬಳಸತೊಡಗಿದ್ದರಿಂದ 2011ರಲ್ಲಿ ಮಾದಕ ವಸ್ತುಗಳ ಕಾಯ್ದೆಯ ಕೆಳಗೆ ತಂದರು, ಆಮೇಲೆ ಔಷಧಿ ನಿಯಮಗಳ ಎಕ್ಸ್ ಪಟ್ಟಿಗೆ ಹಾಕಿದರು. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಚೀಟಿಯ ಪ್ರತಿಯನ್ನು ಅಂಗಡಿಯವನು ಎರಡು ವರ್ಷ ಇಟ್ಟುಕೊಳ್ಳಬೇಕು.

ಮನಸ್ಸಿನ ಕಾಯಿಲೆಗೂ ಇದಕ್ಕೂ ಸಂಬಂಧ ಬಂದದ್ದು 2000ದಲ್ಲಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಕೇವಲ ಏಳು ಜನ ಖಿನ್ನತೆಯ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ವರದಿ ಬರೆದರು. ಕೇಜಿ ತೂಕಕ್ಕೆ ಅರ್ಧ ಮಿಲಿಗ್ರಾಂ, 40 ಮಿನಿಟು ನಿಧಾನವಾಗಿ ರಕ್ತನಾಳಕ್ಕೆ. ಆಪರೇಷನ್ನಿಗೆ ಕೊಡುವುದರ ಅರ್ಧವೋ ಕಾಲೋ ಪಾಲು. ಹಳೆಯ ಗುಳಿಗಿ ಗುಣ ಕೊಡಲು ಎರಡರಿಂದ ಆರು ವಾರ ಬೇಕು, ಇದು ಗಂಟೆಗಳಲ್ಲಿ, ದಿನದೊಳಗೆ ಭಾರ ಇಳಿಸಿತು. 2006ರಲ್ಲಿ ಇನ್ನೊಂದು ಸಣ್ಣ ಪರೀಕ್ಷೆ ಅದನ್ನೇ ಹೇಳಿತು. ಸಾಯುವ ವಿಚಾರ ತಲೆಯಲ್ಲಿ ಕುಣಿಯುತ್ತಿದ್ದವರಿಗೂ ಕೆಲವು ದಿನ ಆ ವಿಚಾರ ಸರಿಯಿತು. 'ಕೆಲವು ದಿನ' ಎಂಬ ಮಾತನ್ನು ಓದುಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಒಂದು ಸೂಜಿಯ ಗುಣ ಹೆಚ್ಚೆಂದರೆ ವಾರ, ಹತ್ತು ದಿನ. ಮತ್ತೆ ಮತ್ತೆ ಕೊಡಬೇಕು. ಮತ್ತೆ ಮತ್ತೆ ಎಂದಲ್ಲಿ ಕಂಪನಿಗೆ ಕಿವಿ ನೆಟ್ಟಗಾಗುತ್ತದೆ. ಹಳೆಯ ಕೆಟಮಿನ್‌ನ ಪೇಟೆಂಟು ಯಾವಾಗಲೋ ಮುಗಿದಿತ್ತು, ಸೀಸೆ ಅಗ್ಗ. ಅದರ ಅರ್ಧ ಭಾಗವನ್ನು ಬೇರೆ ಮಾಡಿ ಎಸ್‌ಕೆಟಮಿನ್ ಎಂದು ಮೂಗಿಗೆ ಹೊಡೆಯುವ ಔಷಧಿ ಮಾಡಿದರು, 2019ರ ಮಾರ್ಚಿಯಲ್ಲಿ ಅಮೆರಿಕ ಪರವಾನಗಿ ಕೊಟ್ಟಿತು, ಬೆಲೆ ಒಂದು ಸಲಕ್ಕೆ ನೂರಾರು ಡಾಲರು. ಕೈದಿಯ ಮೈಮೇಲೆ ಕಲಿತದ್ದನ್ನು ಧಣಿಯ ಮೂಗಿಗೆ ಮಾರುವುದು ಹೀಗೆ.

ಹಾಗಾದರೆ ಇದೆಲ್ಲ ಕಂಪನಿಯ ಮೋಸವೇ? ಅಲ್ಲ. ನಮ್ಮ ಗೆಳೆಯರಲ್ಲಿ ಕೆಲವರು ಬಂಡವಾಳಶಾಹಿ ಎಂಬ ಒಂದು ಶಬ್ದದಿಂದ ಎಲ್ಲ ಔಷಧಿಯನ್ನೂ ಚೆಲ್ಲಿಬಿಡುತ್ತಾರೆ. ಪುರಾವೆ ಏನು ಹೇಳುತ್ತದೆ ನೋಡಬೇಕು. 2023ರಲ್ಲಿ ಅಮೆರಿಕದಲ್ಲಿ, ಔಷಧಿಗೆ ಬಗ್ಗದ ಖಿನ್ನತೆಯಿದ್ದ, ಆದರೆ ಭ್ರಮೆಯಿಲ್ಲದ ರೋಗಿಗಳಲ್ಲಿ ಕೆಟಮಿನ್ ಮತ್ತು ಕರೆಂಟ್ ಎರಡನ್ನೂ ಹೋಲಿಸಿದರು. ಕೆಟಮಿನ್ ತೆಗೆದುಕೊಂಡವರಲ್ಲಿ ನೂರಕ್ಕೆ 55, ಕರೆಂಟ್ ತೆಗೆದುಕೊಂಡವರಲ್ಲಿ 41 ಜನ ಸುಧಾರಿಸಿದರು. ನೆನಪಿನ ತೊಂದರೆಯೂ ಕೆಟಮಿನ್‌ನಲ್ಲಿ ಕಡಿಮೆ. ಇದನ್ನೇ ಹಿಡಿದು ಜಾಹೀರಾತು ಬರೆಯುವವರು ಸ್ವೀಡನ್ನಿನ ಪರೀಕ್ಷೆಯ ಮಾತು ಎತ್ತುವುದಿಲ್ಲ. ಅಲ್ಲಿ ಆಸ್ಪತ್ರೆಯಲ್ಲಿ ಮಲಗಿಸಿಕೊಳ್ಳುವಷ್ಟು ಕಾಯಿಲೆಯಾದ 186 ಜನರಲ್ಲಿ ಕರೆಂಟ್‌ನಿಂದ ನೂರಕ್ಕೆ 63, ಕೆಟಮಿನ್‌ನಿಂದ 46 ಜನ ಗುಣವಾದರು. ಅಂದರೆ ಕಾಯಿಲೆ ಎಷ್ಟು ಆಳ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಇನ್ನೂ ಒಂದು ಸ್ವಾರಸ್ಯ. 2023ರಲ್ಲೇ ಸ್ಟ್ಯಾನ್‌ಫರ್ಡ್‌ನವರು ಬೇರೆ ಆಪರೇಷನ್ನಿಗೆಂದು ಬಂದ 40 ಜನ ಖಿನ್ನರಿಗೆ ಪೂರ್ತಿ ಅರಿವಳಿಕೆಯಲ್ಲಿ ಮಲಗಿದ್ದಾಗ ಅರ್ಧ ಜನಕ್ಕೆ ಕೆಟಮಿನ್, ಅರ್ಧ ಜನಕ್ಕೆ ಬರೀ ಉಪ್ಪುನೀರು ಕೊಟ್ಟರು. ಯಾರಿಗೆ ಯಾವುದು ಎಂದು ಯಾರಿಗೂ ಗೊತ್ತಿಲ್ಲ. ಎರಡೂ ಗುಂಪು ಒಂದೇ ಸಮ ಸುಧಾರಿಸಿತು! ಎಚ್ಚರದಲ್ಲಿ ತೆಗೆದುಕೊಂಡಾಗ ಕಾಣುವ ಗುಣದಲ್ಲಿ ಔಷಧಿಯ ಪಾಲೆಷ್ಟು, ನಿರೀಕ್ಷೆಯ ಪಾಲೆಷ್ಟು, ಒಬ್ಬರು ಕೂತು ನಮ್ಮ ಮಾತು ಕೇಳಿದರೆಂಬುದರ ಪಾಲೆಷ್ಟು? ವಿಜ್ಞಾನಿಗಳು ಇನ್ನೂ ಜಗಳಾಡುತ್ತಿದ್ದಾರೆ. ಯಮನೂರಿನ ಹಳ್ಳದ ನೀರಿಗೆ ಇಳಿಯುವ ನಮ್ಮವ್ವನನ್ನು ನೋಡಿ ನಗುವ ಡಾಕ್ಟರು ಈ ವರದಿಯನ್ನು ಒಮ್ಮೆ ಓದಲಿ.

ಯಾರಿಗೆ ಇದು ತಕ್ಕದ್ದು ಎಂಬುದಕ್ಕೆ ತಿಳಿದವರು ಹಾಕಿರುವ ಗೆರೆ ಹೀಗಿದೆ. ತೀವ್ರ ಖಿನ್ನತೆ ಇರಬೇಕು. ಕಡಿಮೆಯೆಂದರೆ ಎರಡು ಬೇರೆ ಬೇರೆ ಗುಳಿಗಿಗಳನ್ನು ಸರಿಯಾದ ಪ್ರಮಾಣದಲ್ಲಿ, ವಾರಗಟ್ಟಲೆ ತೆಗೆದುಕೊಂಡರೂ ಗುಣ ಕಂಡಿರಬಾರದು. ಕಿವಿಯಲ್ಲಿ ದನಿ ಕೇಳುವ, ಇಲ್ಲದ್ದು ಕಾಣುವ ಕಾಯಿಲೆ ಇದ್ದರೆ ಬೇಡ. ಹತೋಟಿಯಿಲ್ಲದ ಬಿ.ಪಿ., ಹೃದಯದ ತೊಂದರೆ, ಪಾರ್ಶ್ವವಾಯುವಿನ ಚರಿತ್ರೆ ಇದ್ದರೆ ಬೇಡ. ಬಸುರಿಯರಿಗೆ ಬೇಡ. ಕುಡಿತ, ನಶೆಯ ಚಟಕ್ಕೆ ಸಿಕ್ಕವರಿಗೆ ಬಹಳ ಎಚ್ಚರ ಬೇಕು, ಏಕೆಂದರೆ ಇದಕ್ಕೇ ಒಗ್ಗಿಹೋಗುವ ಅಪಾಯವಿದೆ. ಬಹಳ ದಿನ ನಶೆಗೆ ಬಳಸಿದವರ ಮೂತ್ರಕೋಶವೇ ಕೆಟ್ಟದ್ದುಂಟು. ಉಸಿರು ಕಟ್ಟಿದರೆ ನೋಡಿಕೊಳ್ಳಬಲ್ಲವರು ಹತ್ತಿರ ಇರಬೇಕು. ಔಷಧಿ ಇಳಿದ ಮೇಲೆ ಎರಡು ತಾಸು ಕೂರಿಸಿ ಬಿ.ಪಿ. ನೋಡಬೇಕು, ಆ ದಿನ ಗಾಡಿ ಹೊಡೆಯಬಾರದು, ಜೊತೆಗೊಬ್ಬರು ಮನೆಗೆ ಕರೆದೊಯ್ಯಬೇಕು. 2023ರ ಅಕ್ಟೋಬರಿನಲ್ಲಿ ಅಮೆರಿಕದ ನಟ ಮ್ಯಾಥ್ಯೂ ಪೆರ್ರಿ ಸತ್ತದ್ದು ಕೆಟಮಿನ್‌ನಿಂದ. ಚಿಕಿತ್ಸೆಗೆಂದು ಪಡೆಯುತ್ತಿದ್ದ ಮನುಷ್ಯ ಹೊರಗಿನಿಂದಲೂ ಕೊಂಡು ಮನೆಯಲ್ಲೇ ಚುಚ್ಚಿಸಿಕೊಂಡ. ಹಣ ಇದ್ದವನ ಗತಿಯೇ ಹೀಗಾದರೆ, ನಮ್ಮೂರ ಸೂಜಿ ಡಾಕ್ಟರ ಕೈಗೆ ಈ ಸೀಸೆ ಸಿಕ್ಕರೆ ಏನಾದೀತು ಎಂದು ಯೋಚಿಸಿ. ನೆಗಡಿಗೂ ಸಲಾಯಿನ್ ಹಚ್ಚುವವರಿದ್ದಾರೆ.

ಈ ಗೆರೆಯಲ್ಲಿ ನಮಗೆ ಒಂದು ಕಡೆ ಎಡವುತ್ತದೆ. 'ಎರಡು ಗುಳಿಗಿ ಸೋತಿರಬೇಕು' ಅಂತಾರೆ. ನಮ್ಮ ಕೇರಿಯಲ್ಲಿ ಸೋಲುವುದು ಗುಳಿಗಿಯೋ, ಬಸ್ ಚಾರ್ಜೋ? ಹತ್ತು ದಿನದ ಗುಳಿಗಿ ತಂದು, ಮುಗಿದ ಮೇಲೆ ಕೂಲಿ ಬಿಟ್ಟು ಮತ್ತೆ ಧಾರವಾಡಕ್ಕೆ ಹೋಗಲಾರದೆ ನಿಲ್ಲಿಸಿದವರು ಎಷ್ಟೋ ಮಂದಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಗಿದೆ, ಅದು ಸಣ್ಣ ಮಾತಲ್ಲ. ಆದರೆ ಹೋದ ದಿನದ ಪಗಾರ ಯಾರು ಕೊಡುತ್ತಾರೆ? ಅಂಥವರ ಕಾಗದದ ಮೇಲೆ 'ಔಷಧಿಗೆ ಬಗ್ಗದ ಖಿನ್ನತೆ' ಎಂದು ಬರೆದರೆ ಅದು 1890ರ ದಶಕದ ಗಾಂಜಾ ಕಲಮಿನಂತೆಯೇ ಸುಳ್ಳು ಕಲಮು. ನಮ್ಮ ತೀರ್ಪು ಇಲ್ಲಿ ಸ್ಪಷ್ಟವಾಗಿದೆ: ಮೊದಲ ಗುಳಿಗಿಯೇ ನೆಟ್ಟಗೆ ಮುಟ್ಟದ ಊರಿಗೆ ಕೆಟಮಿನ್ ಮೊದಲ ಮದ್ದಾಗಕೂಡದು. ಬಳ್ಳಾರಿಯಲ್ಲಿ 40 ವರ್ಷದ ಹಿಂದೆ ಮಾಡಿ ತೋರಿಸಿದ್ದನ್ನು ಮೊರಬದ ಆರೋಗ್ಯ ಕೇಂದ್ರದಲ್ಲಿ ನಡೆಸಿ ಎಂದು ಮೊದಲು ಕೇಳಬೇಕು. ಗುಳಿಗಿ, ಮಾತಿನ ಚಿಕಿತ್ಸೆ ಎಲ್ಲ ನಿಜವಾಗಿ ಸೋತವನಿಗೆ, ಸರಕಾರಿ ದೊಡ್ಡಾಸ್ಪತ್ರೆಯಲ್ಲಿ, ಅರಿವಳಿಕೆ ಬಲ್ಲವರ ಎದುರಿನಲ್ಲಿ, ಪುಕ್ಕಟೆಯಾಗಿ ಕೊಡುವುದಾದರೆ ಬೇಡವೆನ್ನುವ ಹಕ್ಕು ನಮಗಿಲ್ಲ. ಶಹರದ ಸಾಹುಕಾರನ ಜೀವ ಒಂದು ದಿನದಲ್ಲಿ ಹಗುರಾಗಬಹುದಾದರೆ ಕೇರಿಯವಳದು ಯಾಕೆ ಆಗಬಾರದು?

ಇನ್ನೊಂದು ವಾದವಿದೆ. 'ರೈತನಿಗೆ ಇರೂದು ಸಾಲ, ಖಿನ್ನತೆ ಅಲ್ಲ, ಸಾಲಕ್ಕ ಸೂಜಿ ಮಾಡಿದ್ರ ಏನ್ ಬಂತು' ಅಂತಾರೆ. ಈ ಮಾತಿನಲ್ಲಿ ಸತ್ಯವಿದೆ. ನವಲಗುಂದ ತಾಲೂಕು ಇದನ್ನು ರಕ್ತದಲ್ಲಿ ಬರೆದಿದೆ. ಮಲಪ್ರಭೆಯ ನೀರು ಹೊಲಕ್ಕೆ ನೆಟ್ಟಗೆ ಬರದೆಯೇ ಕರ ವಸೂಲಿಗೆ ಬಂದಾಗ ರೈತರು ಎದ್ದರು, 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗೋಲೀಬಾರು ನಡೆದು ರೈತರು ಸತ್ತರು. 2016ರ ಜುಲೈಯಲ್ಲಿ ಕಳಸಾ-ಬಂಡೂರಿಯ ನೀರು ಕೇಳಿದ್ದಕ್ಕೆ ಪೋಲೀಸರು ಯಮನೂರಿನಲ್ಲಿ ಮನೆ ಹೊಕ್ಕು ಹೆಂಗಸರು ಮುದುಕರೆನ್ನದೆ ಹೊಡೆದರು. 2015ರ ಬರದಲ್ಲಿ ಈ ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ರೈತರು ತಮ್ಮ ಜೀವ ತೆಗೆದುಕೊಂಡರು. ಇದನ್ನೆಲ್ಲ ಮೆದುಳಿನ ರಸದ ಏರುಪೇರು ಎಂದು ಬರೆದು ಫೈಲು ಮುಚ್ಚುವ ಸರಕಾರವನ್ನು ಕಾಲರ್ ಹಿಡಿದು ಕೇಳಬೇಕು.

ಆದರೆ ಅದೇ ವಾದವನ್ನು ತಿರುಗಿಸಿ ನೋಡಿ. ಸಾಲ ತೀರುವವರೆಗೆ ಕಾಯಿಲೆಯೂ ಕಾಯುತ್ತದೆಯೇ? ಮಲೇರಿಯಾ ಕೊಳಚೆಯಿಂದ ಬರುತ್ತದೆ ಎಂದು ಕ್ವಿನೈನ್ ಬಿಡುತ್ತೇವೆಯೇ? 'ಎದಿ ಭಾರ ಆಗೇತಿ, ನಿದ್ದಿ ಹತ್ತೂದಿಲ್ಲ, ಯಾತರಾಗೂ ಮನಸಿಲ್ಲ' ಎನ್ನುವ ಹೆಣ್ಣುಮಗಳಿಗೆ ಕ್ರಾಂತಿ ಆಗಲಿ ತಡಿ ಯವ್ವಾ ಎನ್ನುವುದು ಯಾವ ಬಂಡಾಯ? ಇನ್ನೊಂದು ಲೆಕ್ಕವನ್ನು ನಮ್ಮ ರೈತ ಗೆಳೆಯರೂ ನೋಡಬೇಕು. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ರೈತರು 5,207, ಕೃಷಿ ಕೂಲಿಗಳು 6,083. ಈ ಎರಡನೆಯ ಸಂಖ್ಯೆಯ ಹೆಸರಿನಲ್ಲಿ ಉತಾರ ಇಲ್ಲ, ಬ್ಯಾಂಕಿನ ಸಾಲದ ಪುಸ್ತಕ ಇಲ್ಲ, ಆದ್ದರಿಂದ ಪರಿಹಾರ ಕೇಳಲು ಕಾಗದ ಇಲ್ಲ. ಹೊಲ ಇದ್ದವನ ಸಾವಿಗೆ ಶಾಸಕ ಬರುತ್ತಾನೆ. ಹೊಲ ಇಲ್ಲದವನ ಸಾವಿಗೆ 'ಕುಡೀತಿದ್ದ ಬಿಡ್ರಿ' ಎಂಬ ಒಂದು ಮಾತು, ಮತ್ತೆ ಅದೇ ಕಾರಣದ ಕಲಮು.

ಎಣ್ಣಿಯ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಹತ್ತಿಗೆ ಹೊಡೆಯುವ ಎಣ್ಣಿ ನಮ್ಮ ಮನೆಗಳಲ್ಲಿ ಜೋಳದ ಚೀಲದ ಪಕ್ಕದಲ್ಲಿರುತ್ತದೆ. ಶ್ರೀಲಂಕಾದಲ್ಲಿ 1990ರ ದಶಕದ ನಡುವಿನಿಂದ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು, ಹತ್ತು ವರ್ಷದಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿಯಿತು. ಯಾವ ಸೂಜಿಯೂ ಇಷ್ಟು ಮಾಡಿದ್ದಿಲ್ಲ. ಆ ಕೆಟ್ಟ ತಾಸು ದಾಟಿದರೆ ಮನುಷ್ಯ ಬಹುಪಾಲು ಉಳಿಯುತ್ತಾನೆ. ಎಣ್ಣಿಯ ಡಬ್ಬಿಗೆ ಬೀಗ ಹಾಕಿ ಕೀಲಿ ಅವ್ವನ ಕೈಗೆ ಕೊಡುವುದಕ್ಕೆ ಯಾವ ಕಂಪನಿಯ ಪೇಟೆಂಟೂ ಅಡ್ಡ ಬರುವುದಿಲ್ಲ.

ಕೊನೆಗೆ ಕಾಯ್ದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಮ್ಮ ಮಾಸ್ತರರು ಓದಿಟ್ಟುಕೊಳ್ಳಬೇಕಾದದ್ದು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ. ಅರಿವಳಿಕೆಯಿಲ್ಲದೆ ಕರೆಂಟ್ ಕೊಡುವಂತಿಲ್ಲ. ಆತ್ಮಹತ್ಯೆಗೆ ಪ್ರಯತ್ನಿಸಿದವನು ಅತೀವ ಒತ್ತಡದಲ್ಲಿದ್ದನೆಂದೇ ತಿಳಿಯಬೇಕು, ಕೇಸು ಹಾಕಿ ಅಲೆದಾಡಿಸುವಂತಿಲ್ಲ. ಬಡತನದ ರೇಖೆಯ ಕೆಳಗಿನವರಿಗೆ ಸರಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪುಕ್ಕಟೆ. ಮುಂದೆ ತಲೆ ಕೆಟ್ಟರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಯಾರು ಬೇಕಾದರೂ ಮೊದಲೇ ಬರೆದಿಡಬಹುದು. ಕೊಡುವ ಚಿಕಿತ್ಸೆಯ ವಿವರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಲೇಬೇಕು. ಈ ಕೊನೆಯದು ಕಾಗದದಲ್ಲಿದೆ, ಆಸ್ಪತ್ರೆಯ ಮೇಜಿನ ಮೇಲೆ ಬಹಳ ಕಡೆ ಇಂಗ್ಲಿಷ್ ಫಾರ್ಮೇ ಇದೆ. ಫಾರ್ಮು ಮುಂದೆ ತಳ್ಳಿ 'ಇಲ್ಲಿ ಹೆಬ್ಬಟ್ಟು ಒತ್ತವಾ' ಅಂತಾರೆ.

ಆದ್ದರಿಂದ ಕೆಟಮಿನ್ ಇರಲಿ, ಕರೆಂಟ್ ಇರಲಿ, ನಮ್ಮ ಹುಡುಗರು ಜೊತೆಗೆ ಹೋದಾಗ ಕೇಳಬೇಕಾದದ್ದನ್ನು ಅಂಜದೆ ಕೇಳಲಿ. ಯಾವ ಕಾಯಿಲೆಗೆ ಕೊಡುತ್ತೀರಿ? ಮೊದಲು ಕೊಟ್ಟ ಗುಳಿಗಿ ಎಷ್ಟು ದಿನ ಸಂದವು? ಎಷ್ಟು ಸೂಜಿ, ಒಂದಕ್ಕೆ ಎಷ್ಟು ರೊಕ್ಕ, ರೊಕ್ಕ ಮುಗಿದ ದಿನ ಏನು ಮಾಡುತ್ತೀರಿ? ಉಸಿರು ಕಟ್ಟಿದರೆ ನೋಡುವವರು ಯಾರು, ಅವರು ಈಗ ಇಲ್ಲಿ ಇದ್ದಾರೆಯೇ? ಇದು ಚಿಕಿತ್ಸೆಯೋ, ಪ್ರಯೋಗವೋ? ಬೇಡ ಅಂದರೆ ಬೇರೆ ಚಿಕಿತ್ಸೆ ಕೊಡುತ್ತೀರೋ ಇಲ್ಲವೋ? ಉತ್ತರವನ್ನು ಕನ್ನಡದಲ್ಲಿ ಕೇಳಬೇಕು. ಫಾರ್ಮನ್ನು ಓದಲು ಬಾರದವರಿಗೆ ಗಟ್ಟಿಯಾಗಿ ಓದಿಸಬೇಕು. ಅಲ್ಲಿಯವರೆಗೆ ಅವ್ವನ ಹೆಬ್ಬಟ್ಟು ಸೆರಗಿನೊಳಗೇ ಇರಲಿ. ರಾತ್ರಿ ಹೊತ್ತಿನಲ್ಲಿ ಯಾರಿಗಾದರೂ ಜೀವ ಬ್ಯಾಡಾಗಿ ಕೂತರೆ ಒಬ್ಬರನ್ನೇ ಬಿಡಬೇಡಿ, 14416ಕ್ಕೆ ಫೋನ್ ಹಚ್ಚಿ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಸರಕಾರಿ ಸಹಾಯವಾಣಿ ಅದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.